ಪರೀಕ್ಷೋತ್ತರ ಮೀಮಾಂಸೆ: ಐನಾಪುರ ಸಂಪ್ರದಾಯವನ್ನು ಕುರಿತು

ಪರೀಕ್ಷೆ ಮುಗಿಯುವುದು ಕಡೆಯ ಗಂಟೆಗೆ ಎಂಬುದು ಪರೀಕ್ಷಾ ಮಂಡಳಿಯ ಮತ. ಇದು ಪೂರ್ವಪಕ್ಷ. ಕಾಗವಾಡ ತಾಲೂಕಿನ ಐನಾಪುರದಲ್ಲಿ ಬಾಳಿ ಬಂದಿರುವ ಸಿದ್ಧಾಂತದ ಪ್ರಕಾರ ಪರೀಕ್ಷೆ ಶುರುವಾಗುವುದೇ ಆ ಗಂಟೆಯ ಮೇಲೆ. ಒಳಗೆ ಮೂರು ತಾಸು ನಡೆಯುವುದು ಬರೀ ಸಾಮಗ್ರಿ ಸಂಗ್ರಹ. ವಿಚಾರಣೆ ನಡೆಯುವುದು ಗೇಟಿನ ಹೊರಗೆ, ಸೈಕಲ್ಲಿನ ಸ್ಟ್ಯಾಂಡ್ ತೆಗೆಯುವ ಮೊದಲು. ಮಾರ್ಚ್ ತಿಂಗಳಾದರೆ ಉಗಾರದ ಸಕ್ಕರೆ ಕಾರ್ಖಾನೆಯ ಕಡೆ ಕಬ್ಬು ಹೇರಿಕೊಂಡು ಹೋಗುವ ಟ್ರ್ಯಾಕ್ಟರಿನ ಸ್ಪೀಕರು ವಾದಕ್ಕೆ ಆಗಾಗ ಅಡ್ಡ ಬರುತ್ತದೆ. ಆಗ ವಾದಿಗಳು ಬೆರಳಿನಲ್ಲಿ ಮಾತಾಡುತ್ತಾರೆ: ಒಂದು ಬೆರಳು ಎ, ಎರಡು ಬಿ.

ಈ ಶಾಸ್ತ್ರದಲ್ಲಿಯೂ ಪ್ರಮಾಣಗಳುಂಟು. ಪ್ರಶ್ನೆಪತ್ರಿಕೆಯ ಮೇಲೆ ಟಿಕ್ ಹಾಕಿಕೊಂಡು ಬಂದವನು ಪ್ರತ್ಯಕ್ಷವಾದಿ. ಹಾಕದೆ ಬಂದವನು ಸ್ಮೃತಿವಾದಿ. ಎದುರಿನವನ ಉತ್ತರ ಕೇಳಿದ ಮೇಲಷ್ಟೇ ತನ್ನದು ನೆನಪಾಗುವುದು ಸ್ಮೃತಿವಾದಿಯ ಲಕ್ಷಣ. ‘ಸಾಲಾಗಿ ನಾಲ್ಕ ಸಲ ಸಿ ಬರೂದಿಲ್ಲಲೇ, ಅದಕ್ಕ ಡಿ ಹಾಕಿದೆ’ ಎಂಬುದು ಅನುಮಾನ. ‘ನಮ್ಮ ಅಣ್ಣನ ವರ್ಷ ಹಿಂಗ ಬಂದಿತ್ತು’ ಎಂಬುದು ಉಪಮಾನ. ಆದರೆ ಇವೆಲ್ಲವನ್ನೂ ಮೀರಿದ್ದು ಆಪ್ತವಾಕ್ಯ, ಅಂದರೆ ತರಗತಿಗೆ ಮೊದಲು ಬರುವ ಹುಡುಗಿಯ ಮಾತು. ಅದರ ಬಲವನ್ನು ಈ ಸಂವಾದದಲ್ಲಿ ಕಾಣಬಹುದು:

‘ಹದಿನೇಳನೇದಕ್ಕ ಏನ್ ಹಾಕಿದಿಲೇ?’

‘ಬಿ.’

‘ನಾನೂ ಬಿ. ಗೈಡಿನ್ಯಾಗೂ ಬಿ ಐತಿ.’

‘ಅಕಿ ಸಿ ಹಾಕ್ಯಾಳಂತ.’

‘ಹಂಗಂದ್ರ ಸಿ ಐತಿ ಬಿಡು.’

ಇಲ್ಲಿ ಪ್ರಶ್ನೆಯನ್ನು ಮರಳಿ ಓದುವ ಗೋಜಿಗೆ ಯಾರೂ ಹೋಗಲಿಲ್ಲ ಎಂಬುದನ್ನು ಗಮನಿಸಬೇಕು. ಆ ಹುಡುಗಿ ಸ್ಥಳದಲ್ಲಿ ಇರಲೂ ಇಲ್ಲ. ಅವಳು ಆಗಲೇ ಮನೆ ಸೇರಿ, ಒಂದು ಮಾರ್ಕು ಹೋಯಿತೆಂದು ಅಳುತ್ತಿರುತ್ತಾಳೆ.

ಶಾಸ್ತ್ರದ ಶುದ್ಧರೂಪ ಕಂಡದ್ದು 2021ರ ಎಸ್ಸೆಸ್ಸೆಲ್ಸಿಯಲ್ಲಿ. ಕೋವಿಡ್ ಕಾರಣದಿಂದ ಆ ವರ್ಷದ ಪರೀಕ್ಷೆಯನ್ನು ಎರಡೇ ದಿನಕ್ಕೆ ಇಳಿಸಿದ್ದರು. ಜುಲೈ 19ರಂದು ಗಣಿತ, ವಿಜ್ಞಾನ, ಸಮಾಜ ವಿಜ್ಞಾನ. ಒಂದೊಂದಕ್ಕೆ 40ರಂತೆ 120 ಪ್ರಶ್ನೆ. 22ರಂದು ಮೂರು ಭಾಷೆಗಳಿಗೆ ಮತ್ತೆ 120. ಎಲ್ಲವೂ ಬಹು ಆಯ್ಕೆ, ಎಲ್ಲವೂ ಓಎಂಆರ್. ಪುಟಗಟ್ಟಲೆ ಬರೆಯುವ ಕಾಲದಲ್ಲಿ ‘ನಾನೂ ಅದನ್ನ ಬರದೀನಿ, ಶಬ್ದ ಅಷ್ಟ ಬ್ಯಾರೆ’ ಎಂದು ಪಾರಾಗುವ ದಾರಿಯಿತ್ತು. ಗೋಲ ತುಂಬುವ ಹಾಳೆ ಬಂದು ಆ ದಾರಿಯನ್ನು ಮುಚ್ಚಿತು. ಬಿ ಎಂದರೆ ಬಿ. ಅದಕ್ಕೆ ಶಬ್ದ ಬೇರೆಯಿಲ್ಲ.

ಮುಖ್ಯ ವಿಷಯ ಇನ್ನೊಂದಿದೆ. ಯಾರನ್ನೂ ಫೇಲ್ ಮಾಡುವುದಿಲ್ಲವೆಂದು ಆಗಿನ ಶಿಕ್ಷಣ ಸಚಿವ ಎಸ್. ಸುರೇಶ್ ಕುಮಾರ್ ಜೂನ್ ತಿಂಗಳಲ್ಲೇ ಸಾರಿದ್ದರು. ಹಾಗಾದರೆ ಹೋಲಿಸುವುದೇತಕ್ಕೆ ಎಂದು ಶಂಕೆ. ಸಮಾಧಾನ ಹೀಗಿದೆ: ಫಲದ ಆಸೆ ಇದ್ದಾಗ ಮಾಡಿದ ಹೋಲಿಕೆ ಕಾಮ್ಯಕರ್ಮ, ಪಾಸು ಖಾತ್ರಿಯಾದ ಮೇಲೂ ಮಾಡಿದರೆ ಅದು ನಿತ್ಯಕರ್ಮ. ಮಾಸ್ಕನ್ನು ಗದ್ದಕ್ಕೆ ಇಳಿಸಿ, ಅಂತರ ಕಾಯ್ದುಕೊಳ್ಳಬೇಕೆಂಬ ಬೋರ್ಡಿಗೇ ಒರಗಿ, ಹೊತ್ತು ಇಳಿಯುವವರೆಗೆ ಈ ಕರ್ಮ ನಡೆಯುವುದು ಶಾಸ್ತ್ರಸಮ್ಮತ. ಅದೇ ವಾರ ಮಹಾಬಳೇಶ್ವರದ ಕಡೆ ಮಳೆ ಜಡಿದು ಕೃಷ್ಣೆ ಏರುತ್ತಿದ್ದಳು. ‘ಹೊಳಿ ಬರಾಕತ್ತೇತಿ, ಮನೀಗಿ ನಡೀರೋ’ ಎಂದು ಕಾಕಾ ಒಬ್ಬ ಕೂಗಿದರೆ ‘ಬಂದೆವ್ರೀ ಕಾಕಾ, ಇನ್ನ ಹನ್ನೊಂದ ಪ್ರಶ್ನೆ ಅದಾವು’ ಎನ್ನುವುದೇ ನಿತ್ಯಕರ್ಮಿಗೆ ತಕ್ಕ ಉತ್ತರ. ಆಗಸ್ಟ್ 9ರಂದು ಫಲಿತಾಂಶ ಬಂದಾಗ ರಾಜ್ಯದಲ್ಲಿ ಪರೀಕ್ಷೆ ಬರೆದವರ ಪೈಕಿ ಒಂದೇ ಒಂದು ನಂಬರು ಫೇಲಾಗಿತ್ತು; ಅದೂ ಬದಲಿ ಅಭ್ಯರ್ಥಿಯನ್ನು ಕೂರಿಸಿದ ಕಾರಣಕ್ಕೆ. ಹೋಲಿಕೆಗೆ ಸಂಜೆಯ ತನಕ ಕಾಯದೆ ಉತ್ತರದ ಜತೆ ಆಳನ್ನೇ ಬದಲಾಯಿಸಿದ ಆ ಪಂಥವನ್ನು ಐನಾಪುರ ಸಂಪ್ರದಾಯ ಒಪ್ಪುವುದಿಲ್ಲ.

ಗಡಿನಾಡಿನ ದೃಷ್ಟಿಯಿಂದಲೂ ಈ ಶಾಸ್ತ್ರಕ್ಕೆ ಮಹತ್ವವಿದೆ. ಎಸ್ಸೆಸ್ಸೆಲ್ಸಿಯನ್ನು ಕನ್ನಡದಲ್ಲಿ ಬರೆಯುವವರಿದ್ದಂತೆ ಮರಾಠಿಯಲ್ಲಿ ಬರೆಯುವವರೂ ಈ ಜಿಲ್ಲೆಯಲ್ಲಿದ್ದಾರೆ. ಗುರುತ್ವ ವೇಗೋತ್ಕರ್ಷ ಎಂದು ಒಬ್ಬ, ಅದಕ್ಕೇ ಇನ್ನೊಂದು ಹೆಸರು ಹಿಡಿದು ಇನ್ನೊಬ್ಬ ಹೊರಬಂದರೂ ‘ಸಿ’ ಎಂಬಲ್ಲಿ ಇಬ್ಬರೂ ಕೂಡುತ್ತಾರೆ. 1967ರಲ್ಲಿ ಮಹಾಜನ ಆಯೋಗ ವರದಿ ಕೊಟ್ಟರೂ ತೀರದ ತಕರಾರು ಹೀಗೆ ಒಂದು ಗೋಲದೊಳಗೆ ತೀರಿದ್ದನ್ನು ರಾಜ್ಯಶಾಸ್ತ್ರಜ್ಞರು ಇನ್ನೂ ಗಮನಿಸಿಲ್ಲ.

ಸಿಇಟಿಯಲ್ಲಿ ಶಾಸ್ತ್ರ ಜಟಿಲವಾಗುತ್ತದೆ. ಅಲ್ಲಿ ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ಮೇಲೆ ವರ್ಷನ್ ಕೋಡು. ಒಬ್ಬನ ಹನ್ನೆರಡನೆಯದು ಇನ್ನೊಬ್ಬನ ನಲವತ್ತೊಂದನೆಯದಾಗಿರುತ್ತದೆ. ಇದರಿಂದ ಅನುಪಲಬ್ಧಿ ಎಂಬ ಪ್ರಮಾಣಕ್ಕೆ ಮರುಜೀವ ಬಂತು: ‘ಈ ಪ್ರಶ್ನೆ ನನ್ನ ಪೇಪರ್‌ದಾಗ ಇರಲೇ ಇಲ್ಲ.’ ಎಲ್ಲ ವರ್ಷನ್ನಿನಲ್ಲೂ ಇರುವುದು ಅವೇ ಪ್ರಶ್ನೆಗಳು, ಕ್ರಮ ಮಾತ್ರ ಬೇರೆ ಎಂದು ಯಾರಾದರೂ ತಿಳಿಸುವವರೆಗೆ ಇದು ನೆಮ್ಮದಿಯ ದರ್ಶನ. ತಿಳಿಸಿದ ಮೇಲೆ ಕೊನೆಯ ಹಾಳೆ ತಿರುವಿದ್ದೆನೋ ಇಲ್ಲವೋ ಎಂಬ ಭಯಾನಕ ರಸ ಹುಟ್ಟುತ್ತದೆ. 2024ರಲ್ಲಂತೂ ಹೋಲಿಸಿ ಹೋಲಿಸಿ ಗಂಟಲು ಹರಿದುಕೊಂಡ ಬಳಿಕ, ಪಠ್ಯದಾಚೆಯವು ಎಂದು 50 ಪ್ರಶ್ನೆಗಳನ್ನು ಪರೀಕ್ಷಾ ಪ್ರಾಧಿಕಾರವೇ ಲೆಕ್ಕದಿಂದ ತೆಗೆಯಿತು. ಅವುಗಳಿಗಾಗಿ ಕೆಟ್ಟುಹೋದ ಗೆಳೆತನಗಳನ್ನು ಪ್ರಾಧಿಕಾರ ಮರಳಿಸಲಿಲ್ಲ.

ಅಣ್ಣನ ಪುಸ್ತಕದ ಉಪಮಾನವನ್ನು ಹಗುರವಾಗಿ ಕಾಣುವವರಿಗೆ ಅದೇ ವರ್ಷದ ನೀಟ್ ಪರೀಕ್ಷೆ ಪಾಠ ಕಲಿಸಿತು. ಭೌತಶಾಸ್ತ್ರದಲ್ಲಿ ಪರಮಾಣು ಕುರಿತ ಒಂದು ಪ್ರಶ್ನೆ. ಎನ್‌ಸಿಇಆರ್‌ಟಿಯ ಹಳೆಯ ಪುಸ್ತಕ ಓದಿದವರಿಗೆ ಒಂದು ಉತ್ತರ, ಹೊಸದು ಓದಿದವರಿಗೆ ಇನ್ನೊಂದು. ಪರೀಕ್ಷೆ ನಡೆಸಿದವರು ಎರಡೂ ಸರಿ ಎಂದು ಎರಡಕ್ಕೂ ಅಂಕ ಕೊಟ್ಟರು. ‘ಎರಡೂ ಸರಿ’ ಎನ್ನುವುದು ನಮ್ಮ ಗೇಟಿನಲ್ಲಿ ಜಗಳ ಕೈಗೆ ಬಂದಾಗ ಹಿರಿಯ ಹುಡುಗರು ಹೇಳುವ ಮಾತು. ಅದು ದಿಲ್ಲಿಯಲ್ಲೂ ನಿಲ್ಲಲಿಲ್ಲ. ಸುಪ್ರೀಂ ಕೋರ್ಟು ಜುಲೈ 22ರಂದು ದಿಲ್ಲಿ ಐಐಟಿಯ ಮೂವರು ತಜ್ಞರನ್ನು ಕೇಳಲು ಹೇಳಿ, ಮರುದಿನವೇ ನಾಲ್ಕನೆಯ ಆಯ್ಕೆಯೊಂದೇ ಸರಿ ಎಂಬ ಉತ್ತರ ಪಡೆಯಿತು. ಪೂರ್ಣಾಂಕ 720 ಪಡೆದಿದ್ದ 67 ಮಂದಿಯಲ್ಲಿ 44 ಮಂದಿಯ ಪೂರ್ಣತೆ ಈ ಒಂದು ಪ್ರಶ್ನೆಯ ಮೇಲೆ ನಿಂತಿತ್ತು. ಜುಲೈ 22 ಎಂಬ ತಾರೀಖು ಎರಡು ಕಡೆಯೂ ಬಂದಿರುವುದು ಮುಂದಿನ ಸಂಶೋಧಕರಿಗೆ ಬಿಟ್ಟ ವಿಷಯ.

ಉಳಿದದ್ದು ಅಂಕಗಳ ಚಲನೆ. ‘ಎಷ್ಟ ಬೀಳ್ತಾವು?’ ಎಂದು ಗೇಟಿನಲ್ಲಿ ಕೇಳಿದರೆ 80. ಚಹಾದಂಗಡಿ ತಲುಪುವ ಹೊತ್ತಿಗೆ, ನಾಲ್ಕು ಮಂದಿಯ ಉತ್ತರ ಕೇಳಿದ ಮೇಲೆ, 66. ಮನೆಯ ಹೊಸ್ತಿಲಲ್ಲಿ ಅಪ್ಪ ಕೇಳಿದಾಗ, ‘ಪೇಪರ ಹಗರ ಇತ್ತಪ್ಪಾ, 85ರ ಮ್ಯಾಲ ಬೀಳ್ತಾವು.’ ಈ ಕೊನೆಯ ಜಿಗಿತಕ್ಕೆ ಗಣಿತದಲ್ಲಿ ಸೂತ್ರವಿಲ್ಲ. ಶಾಸ್ತ್ರಕಾರರ ಪ್ರಕಾರ ಹೋಲಿಕೆಯ ಗುರಿ ಸರಿಯುತ್ತರವಲ್ಲ, ಸಹಪಾತಕಿ. ತನ್ನ ತಪ್ಪನ್ನೇ ಮಾಡಿದ ಇನ್ನೊಬ್ಬ ಸಿಕ್ಕರೆ ಆ ಮಾರ್ಕು ಅರ್ಧ ಮರಳಿ ಬಂದಂತೆ. ಇಬ್ಬರು ಸಿಕ್ಕರೆ ಪ್ರಶ್ನೆಯೇ ತಪ್ಪು.

ಕೀ ಉತ್ತರ ಪ್ರಕಟವಾದರೂ ಈ ವಾದ ನಿಲ್ಲುವುದಿಲ್ಲ, ಏಕೆಂದರೆ ‘ಕೀನ ತಪ್ಪೈತಿ’ ಎಂಬ ಮತವೂ ಇದೆ. ಅದನ್ನು ಪ್ರಾಧಿಕಾರ ಗೌರವಿಸುತ್ತದೆ; ಆಕ್ಷೇಪಣೆಗೆ ಕಾಲಾವಕಾಶ ಕೊಡುತ್ತದೆ, ಜತೆಗೆ ಆಧಾರ ಲಗತ್ತಿಸಲು ಹೇಳುತ್ತದೆ. ಆದರೆ ‘ಅಕಿನೂ ಸಿ ಹಾಕ್ಯಾಳ್ರೀ’ ಎಂಬ ಆಧಾರವನ್ನು ಪಿಡಿಎಫ್ ಮಾಡುವುದು ಹೇಗೆ ಎಂಬುದು ಕಾಗವಾಡದ ಝೆರಾಕ್ಸ್ ಅಂಗಡಿಯವನಿಗೂ ಇನ್ನೂ ಬಗೆಹರಿದಿಲ್ಲ.