ಗುಂಡಿನಾಟಕ್ಕೆ ಮಾಮನ ಷರಾ

ಗುಂಡು ಹಾರಿಸುವ ಆಟಕ್ಕೆ ಮಾರ್ಕು ಹಾಕುವವರು ಗ್ರಾಫಿಕ್ಸು, ಮ್ಯಾಪು, ಬಂದೂಕುಗಳ ಬಗೆ ಎಂದು ಏನೇನೋ ನೋಡುತ್ತಾರೆ. ನಮ್ಮ ಭಾವನದು ಒಂದೇ ಪ್ರಶ್ನೆ: "ಇದ್ರಿಂದ ಹೈದ ಕೆಟ್ಟೋಯ್ತನಾ, ಇಲ್ವಾ? ನೋಡಿ ಯೋಳ್ಬುಡು." ಡಬ್ಬಿಯ ಮೇಲೆ 18 ಎಂದು ದಪ್ಪಕ್ಕೆ ಅಚ್ಚಾಗಿದೆ. ಹೈದ ಡಿಗ್ರಿ ಎರಡನೇ ವರ್ಷ. ಕೆಡುವುದಾಗಿದ್ದರೆ ಇಷ್ಟೊತ್ತಿಗೆ ಕೆಟ್ಟಿರಬೇಕು.

ಪರೀಕ್ಷೆಗಿದ್ದದ್ದು 2019ರ ‘ಕಾಲ್ ಆಫ್ ಡ್ಯೂಟಿ: ಮಾಡರ್ನ್ ವಾರ್‌ಫೇರ್’. ಪ್ಲೇಸ್ಟೇಷನ್ ಯಾರೋ ನೆಂಟರು ಬಳಸಿ ಬಿಟ್ಟದ್ದು. ಡಿಸ್ಕು, ಎರಡನೇ ಕಂಟ್ರೋಲರು ಎರಡೂ ಎರವಲು. ಮಂಡ್ಯದಿಂದ ಹೊರಟ ನಾನು ಮದ್ದೂರಲ್ಲಿ ಬಸ್ಸು ಬದಲಿಸುವಾಗ ವಡೆ ಕಟ್ಟಿಸಿಕೊಂಡು ಮಳವಳ್ಳಿ ಸೇರಿದೆ. ಅಳಿಯ ವಡೆ ಈಸಿಕೊಂಡು, ಮೊದಲು ನನ್ನ ಕೈ ತೊಳೆಸಿದ. ಎಣ್ಣೆಗೈಯಲ್ಲಿ ಹಿಡಿದರೆ ಗುರಿ ಜಾರುತ್ತದಂತೆ.

ಎಡ ಸ್ಟಿಕ್ಕು ನಡೆಯಲು, ಬಲ ಸ್ಟಿಕ್ಕು ನೋಡಲು, ಬಲ ತೋರುಬೆರಳಿಗೆ ಕುದುರೆ. ನಾನು ಎರಡೂ ಸ್ಟಿಕ್ಕನ್ನು ಒಟ್ಟಿಗೆ ಒತ್ತಿ ಮೋಡ ನೋಡುತ್ತ ನಿಂತೆ. "ಮಳೆ ಬತ್ತದಾ ಅಂತ ನೋಡ್ಕಂಡ್ ನಿಂತ್ರೆ ಅವ್ನು ಸುಮ್ನೆ ಬುಟ್ಟಾನಾ ಮಾಮ?" ಬಿಡಲಿಲ್ಲ. ಗುರಿ ಶತ್ರುವಿನ ಹತ್ತಿರ ಸುಳಿದರೆ ಆಟವೇ ಕೈಯನ್ನು ಕೊಂಚ ತಡೆದು ನಿಲ್ಲಿಸುತ್ತದೆ. ಮೌಸಿನಷ್ಟು ಚುರುಕಿಲ್ಲದ ಸ್ಟಿಕ್ಕಿಗೆ ಕೊಟ್ಟಿರುವ ರಿಯಾಯಿತಿ ಅದು. ಮೋಡಕ್ಕೆ ಗುರಿಯಿಟ್ಟವನಿಗೆ ಯಾವ ರಿಯಾಯಿತಿಯೂ ಇಲ್ಲ.

ಮಳವಳ್ಳಿಗೆ ಬಂದೂಕು ಹೊಸದೇನಲ್ಲ. 1799ರ ಮಾರ್ಚ್ 27ರಂದು ಟಿಪ್ಪುವಿನ ಸೇನೆಗೂ ಜನರಲ್ ಹ್ಯಾರಿಸ್‌ನ ಸೇನೆಗೂ ಕಾಳಗ ನಡೆದದ್ದು ಇಲ್ಲೇ. ಮುಂದೆ ವೆಲ್ಲಿಂಗ್ಟನ್ ಡ್ಯೂಕ್ ಎನಿಸಿದ ಆರ್ಥರ್ ವೆಲ್ಲೆಸ್ಲಿಯೂ ಅದರಲ್ಲಿದ್ದ. ಅವತ್ತು ಬಿದ್ದವರು ಬಿದ್ದೇ ಹೋದರು. ಆಟದಲ್ಲಿ ಹಾಗಲ್ಲ, ನಾಲ್ಕು ಉಸಿರಿನೊಳಗೆ ಇನ್ನೊಂದು ಮೂಲೆಯಲ್ಲಿ ಎದ್ದು ನಿಲ್ಲಬಹುದು. ಅಷ್ಟರಲ್ಲಿ ಯಾರು, ಎಲ್ಲಿಂದ, ಹೇಗೆ ಹೊಡೆದರು ಎಂಬ ಪಂಚನಾಮೆಯನ್ನು ಸತ್ತವನಿಗೇ ತೋರಿಸುತ್ತಾರೆ. ನಾನು ಆಟಕ್ಕಿಂತ ಪಂಚನಾಮೆಯನ್ನೇ ಹೆಚ್ಚು ನೋಡಿದೆ. ನೆಟ್ಟಿನಲ್ಲಿ ಆರು ಜನಕ್ಕೆ ಆರು ಜನ. ಹೊಡೆದವನು ಯಾವ ಊರಿನವನೋ, ಬೈದರೂ ದಂಡ.

ಪುಣ್ಯಕ್ಕೆ ನೆಟ್ಟು ಹೋಯಿತು. ಅಳಿಯ ಟೀವಿಯನ್ನೇ ಎರಡು ಹೋಳು ಮಾಡಿದ. ಅಣ್ಣತಮ್ಮಂದಿರ ಹಿಸ್ಸೆಯ ಹಾಗೆ ಆಚೆ ಅವನದು, ಈಚೆ ನನ್ನದು. ಹಿಸ್ಸೆ ಆದಮೇಲೆ ಬದುವಿನ ಜಗಳ ಬರದಿರುತ್ತದೆಯೇ? "ಅವ್ವಾ, ಮಾಮ ನನ್ ಭಾಗ ನೋಡ್ತಾವ್ರೆ!" ನೋಡದೆ ಏನು, ಪಕ್ಕದಲ್ಲೇ ಇದೆಯಲ್ಲ. 1997ರಲ್ಲಿ ನಿಂಟೆಂಡೊ 64ರ ‘ಗೋಲ್ಡನ್‌ಐ 007’ ನಾಲ್ವರನ್ನು ಒಂದೇ ಟೀವಿಯ ಮುಂದೆ ಕೂರಿಸಿದಾಗಲೂ ಇದೇ ತಕರಾರು. 2015ರ ‘ಹೇಲೋ 5’ ಈ ಹಿಸ್ಸೆಯನ್ನೇ ಕಿತ್ತುಹಾಕಿ ಅಭಿಮಾನಿಗಳಿಂದ ಉಗಿಸಿಕೊಂಡಿತು. ಉಗಿದದ್ದು ಸರಿಯೇ. ಮನೆಯಲ್ಲಿ ಆಡುವ ಆಟವೆಂದ ಮೇಲೆ ಎದುರಾಳಿಯ ಮೊಣಕೈ ತಗುಲಬೇಕು. ಸೋತರೆ ಬೈಯಲು ಎದುರಿಗೊಂದು ಮುಖ ಬೇಕು. ನಾನು ಗೋಡೆಯ ಹಿಂದೆ ಅಡಗಿ ಕೂತು, ಅವನ ಭಾಗ ನೋಡಿಕೊಂಡೇ, ಅವನು ಬಾಗಿಲು ದಾಟುತ್ತಲೂ ಹೊಡೆದೆ. ಅಳಿಯನ ಬಾಯಿಂದ ಹೊರಟ ಮಾತು ಸೋದರಮಾವನಿಗೆ ಆಡುವಂಥದ್ದಲ್ಲ.

ಅಕ್ಕನಿಗೆ ಅದೇ ಹಿಡಿಸಿತು. 2020ರ ಸೆಪ್ಟೆಂಬರಿನಲ್ಲಿ ಸರ್ಕಾರ ಪಬ್‌ಜಿ ನಿಷೇಧಿಸುವ ತನಕ ಇವನು ಮೊಬೈಲಿಗೆ ಮುಖ ಹುದುಗಿಸಿ ಕರೆದರೂ ಓಗೊಡುತ್ತಿರಲಿಲ್ಲ. "ಟೀವೀಲಾದ್ರೆ ಯಾರು ಯಾರ್ನ ಸಾಯಿಸ್ತಾವ್ರೆ ಅಂತ ಕಣ್ಗಾದ್ರೂ ಕಾಣ್ತದೆ ಕಣಪ್ಪ," ಎಂದಳು.

ಷರಾ ಹೇಳಿದೆ: ಕೊಳ್ಳಬಹುದು, ಆದರೆ ಎರಡನೇ ಕಂಟ್ರೋಲರಿನ ಸಮೇತ. ಒಂಟಿ ಕಂಟ್ರೋಲರಿಗಾದರೆ ಬೇಡ. ಆಟಕ್ಕೆ ನೂರು ಜಿಬಿಗೂ ಮಿಕ್ಕಿ ಜಾಗ ಬೇಕು, ಅದಕ್ಕೂ ಒಂದಿಷ್ಟು ಇಟ್ಟುಕೊಂಡಿರಿ.

ಭಾವ ಒಟ್ಟು ಲೆಕ್ಕ ಕೇಳಿ, ಹೊರಗೆ ಹೋಗಿ ಎಲೆಅಡಿಕೆ ಉಗಿದು ಬಂದರು. "ಆಗ್ಲಿ. ಕಬ್ಬಿನ ಬಿಲ್ಲು ಬಂದೇಟ್ಗೆ ತಕ್ಕೊಡ್ತೀನಿ."

ಈ ಆಟ ವರ್ಷಕ್ಕೊಂದು ಹೊಸ ಹೆಸರಲ್ಲಿ ಬರುತ್ತದೆ. ಅಳಿಯ ಬೆರಳು ಮಡಿಚಿ ಎಣಿಸಿದ. "ಅಷ್ಟೊತ್ಗೆ ಇನ್ನೂ ಮೂರು ಬಂದಿರ್ತವೆ, ಮಾಮ."