ಓದಿಸಿ ಕೇಳೂ ಮಂದಿ

"ನನಗೇನ ಅಕ್ಷರಾ ಬರತಾವು, ಮೊಮ್ಮಗಗ ನಾ ಏನ ಕಲಸ್ಲಿ?" ಅಂತ ನಿನ್ನೆ ಅಂದ್ರೆಲ್ರಿ ಅಕ್ಕಾರ, ಆ ಮಾತ ನನಗ ಭಾಳ ಹತ್ತಿತು. ಹಂಗ ಅನಬ್ಯಾಡ್ರಿ. ಒಲಿ ಮ್ಯಾಲ ಏನೂ ಇಲ್ಲಂದ್ರ ಇಲ್ಲೇ ಬೇಲಿ ಹತ್ರ ಒಂದೀಟ ನಿಂದರ್ರಿ, ಹೇಳತೀನಿ. ನಮ್ಮ ಈ ಹಾನಗಲ್ಲ, ಶಿಗ್ಗಾಂವಿ, ಸವಣೂರ, ಹಿರೇಕೆರೂರ ಸೀಮ್ಯಾಗ ವಿದ್ಯಾ ಅನ್ನೂದು ಕಣ್ಣಿಗಿಂತ ಮದಲ ಕಿವಿಗೆ ಬಂದೈತಿ. ಹುಡುಗರ ಕಿವಿಗೆ ಅದನ್ನ ಮುಟ್ಟಿಸಿದವರು ಮನ್ಯಾಗಿನ ಮಂದಿನ.

ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳ್ಯಾಗ 1892ರಾಗ ಗದಿಗೆಯ್ಯ ಅಂತ ಒಂದ ಕೂಸು ಹುಟ್ಟಿತು. ಹುಟ್ಟಾ ಕಣ್ಣಿಲ್ಲ. ಒಡಹುಟ್ಟಿದ ಗುರುಬಸಯ್ಯಗೂ ಇಲ್ಲ. ಇಬ್ಬರ ಹಾಡಿಕಿ ಕೇಳಿ ಹಾನಗಲ್ಲ ಕುಮಾರಸ್ವಾಮಿಗಳು ಅವರನ್ನ ತಮ್ಮ ಆಸರಕ್ಕ ತಗೊಂಡ್ರು, ಸಂಗೀತ ಕಲಿಸಿದ್ರು. ಅದ ಗದಿಗೆಯ್ಯನ ಮುಂದ ಪಂಚಾಕ್ಷರಿ ಗವಾಯಿ. ಕರ್ನಾಟಕಿ, ಹಿಂದುಸ್ತಾನಿ ಎರಡೂ ಕಲತ್ರು. ಗದಗಿನ ವೀರೇಶ್ವರ ಪುಣ್ಯಾಶ್ರಮದಾಗ ಕಣ್ಣಿಲ್ಲದ ಮಕ್ಕಳನ್ನ, ಬಡವರ ಮಕ್ಕಳನ್ನ ಇಟ್ಕೊಂಡು ಅನ್ನಾ ಹಾಕಿ ವಿದ್ಯಾ ಕೊಟ್ರು.

ಅವರ ಕೈಯಾಗ ಬೆಳದ ಪುಟ್ಟರಾಜ ಗವಾಯಿಗಳೂ ಹಾನಗಲ್ಲ ತಾಲೂಕಿನವರ, 1914ರಾಗ ಹುಟ್ಟಿದವರು. ಸಣ್ಣವರಿದ್ದಾಗನ ಕಣ್ಣ ಹೋದ್ವು. ಅವರ ಸಂಗೀತದ ಬಗ್ಗೆ ನಾಡೆಲ್ಲಾ ಮಾತಾಡತೈತಿ, 2010ರಾಗ ಪದ್ಮಭೂಷಣನೂ ಬಂತು. ನನಗ ಮಾತ್ರ ಅವರ ಸೋದರಮಾವ ಭಾಳ ನೆನಪಾಗತಾರ. ಕಣ್ಣಿಲ್ಲದ ಹುಡುಗ ಮಾವನ ಹಾರ್ಮೋನಿಯಂ ಮ್ಯಾಲ ಕೈ ಆಡಸೂದನ್ನ ಕೇಳಿ, "ಬಿಡೋ, ಕೆಡಸೀ" ಅಂತ ಗದರಿಸಿದ್ರ ಆ ಕಥಿ ಅಲ್ಲೇ ಮುಗೀತಿತ್ತು. ಅವರು ಹುಡುಗನ್ನ ಪಂಚಾಕ್ಷರಿ ಗವಾಯಿಗಳ ಹತ್ರ ಕರಕೊಂಡ ಹ್ವಾದ್ರು. ಆ ಹುಡುಗನ ಮುಂದ ಕನ್ನಡ, ಸಂಸ್ಕೃತ, ಹಿಂದಿ ಮೂರೂ ಭಾಷಾದಾಗ ಪುಸ್ತಕಾ ಬರದ್ರು. ಎಂಥಾ ಮಾವ, ನೋಡ್ರಿ!

ನಿಮ್ಮಂಗ ನಮ್ಮವ್ವಗೂ ಅಕ್ಷರಾ ಬರತಿದ್ದಿಲ್ಲ. ಮಧ್ಯಾಹ್ನ ಪಡಸಾಲ್ಯಾಗ ಮೆಣಸಿನಕಾಯಿ ತೊಟ್ಟ ಮುರಕೋತ ಕುಂಡರತಿದ್ಲು, ನನಗ ಪುಸ್ತಕಾ ಹಿಡಕೊಂಡ ಜೋರಾಗಿ ಓದ ಅಂತಿದ್ಲು. ಎಂಥಾ ಪುಸ್ತಕ ಅನ್ನೂದು ಆಕಿಗೆ ದೊಡ್ಡ ಮಾತಲ್ಲ. ಸಾಲಿ ಪಾಠಾದ್ರೂ ಆತು, ಸಂತ್ಯಾಗ ತಂದ ಕಥಿ ಪುಸ್ತಕಾದ್ರೂ ಆತು. ನಾ ಲಗುನ ಮುಗಸಿ ಆಟಕ್ಕ ಓಡಬೇಕಂತ ನಡಬರಕ ನಾಕ ಸಾಲು ಬಿಟ್ರ, "ನಿಂದ್ರ, ಆಕಿ ಗಂಡನ ಮನಿಗೆ ಹೋದಾಕಿ ತವರಮನ್ಯಾಗ ಹೆಂಗ ಬಂದ್ಲು?" ಅಂತ ಕೇಳತಿದ್ಲು. ಹಿಂದ ಹೋಗಿ ಓದಬೇಕು. ಓದಿದ ಮ್ಯಾಲೂ ಬಿಡತಿದ್ದಿಲ್ಲ. "ಅಂವಾ ಹಂಗ ಯಾಕ ಮಾಡಿದಾ? ನೀ ಇದ್ರ ಏನ ಮಾಡತಿದ್ದಿ?" ಪುಸ್ತಕದಾಗ ಇಲ್ಲದ್ದನ್ನ ನನ್ನ ಬಾಯಿಂದ ಹೊರಗ ತಗೀತಿದ್ಲು. ಒಬ್ಬನ ಕೂತು ಮನಸಿನಾಗ ಓದೂ ಹುಡುಗ ತಿಳೀಲಿಲ್ಲಂದ್ರೂ ಹಾಳಿ ತಿರವ್ಯಾನು. ಕೇಳೂ ಮನಶ್ಯಾ ಎದರಿಗೆ ಇದ್ರ ಹಂಗ ನಡಿಯೂದಿಲ್ಲ. ಸಾಲು ಕಟ್ಟಿ ಬರಿಯೂದು, ಕಥಿಗೊಂದು ಕಡೀ ಇರಬೇಕನ್ನೂದು, ಕೇಳೂವರ ಮನಸ ಎಲ್ಲಿ ಹಿಡೀತೈತಿ ಅನ್ನೂದು, ಇಷ್ಟೂ ನನಗ ಕಲಿಸಿದಾಕಿ ಹೆಬ್ಬಟ್ಟ ಒತ್ತೂ ನಮ್ಮವ್ವ.

ಶಿಗ್ಗಾಂವಿ ತಾಲೂಕಿನ ಶಿಶುವಿನಹಾಳದ ಶರೀಫರನ್ನ ಬಿಟ್ಟ ಈ ಮಾತ ಮುಂದ ಹೋಗೂದಿಲ್ಲ. 1819ರಾಗ ಹುಟ್ಟಿದವರು, ಸಾಲಿ ಮಾಸ್ತರಿಕಿನೂ ಮಾಡಿದವರು. ಮುಸಲರ ಹುಡುಗನ್ನ ಶಿಷ್ಯಾ ಅಂತ ಅಪ್ಪಿಕೊಂಡವರು ಕಳಸದ ಬ್ರಾಹ್ಮಣ ಗೋವಿಂದಭಟ್ಟರು. ಗುರು ಶಿಷ್ಯರ ಅಂಥಾ ಪ್ರೀತಿ ಇನ್ನೊಂದ ಇರಲಿಕ್ಕಿಲ್ಲ. ಶರೀಫರ ಪದಾ ಹುಟ್ಟಿದ್ದು ಸೋರೂ ಮನಿ, ಮಗ್ಗ, ಗಿರಣಿ ಇಂಥಾದರಾಗ. ಉಳದಿದ್ದು ಭಜನಿ ಮಂದಿ ಬಾಯಾಗ. ಕ್ಯಾಸೆಟ್ಟು, ಸಿನೆಮಾ ಎಲ್ಲಾ ಆಮ್ಯಾಲ ಬಂದ್ವು. ಹಿರೇಕೆರೂರ ಕಡೆ ಅಬಲೂರಿನವ ಅನ್ನೂ ಸರ್ವಜ್ಞನ ವಚನಾನೂ ಹಂಗ, ಮಂದಿ ನಾಲಿಗಿ ಮ್ಯಾಲನ ತಲಿತಲಾಂತರ ದಾಟಿ ಬಂದ್ವು. ಉತ್ತಂಗಿ ಚನ್ನಪ್ಪನವರು ಅವನ್ನ ಕೂಡಿಸಿ 1924ರಾಗ ಪುಸ್ತಕಾ ಮಾಡಿದ್ರು.

ಸವಣೂರಾಗ 1909ರಾಗ ಹುಟ್ಟಿದ ವಿ.ಕೃ. ಗೋಕಾಕರು ಆಕ್ಸ್‌ಫರ್ಡ್‌ಮಟಾ ಹೋಗಿ ಓದಿ ಬಂದ್ರು, ಜ್ಞಾನಪೀಠ ತಂದ್ರು. ಆ ದಾರೀನೂ ನಮ್ದನ. ಸಾಲಿ ಬ್ಯಾಡ ಅಂತ ನಾ ಎಂದೂ ಅನ್ನೂದಿಲ್ಲ.

ಆದ್ರ ಅಚ್ಚಾದ ಪುಸ್ತಕಾನೂ ನಮ್ಮಲ್ಲಿ ಕಿವಿಗೇ ಮುಟ್ಟತಿತ್ತು. ಹಾವೇರಿ ತಾಲೂಕಿನ ಹಾವನೂರಿನ ಗಳಗನಾಥರು ಕಾದಂಬರಿ ಬರದು, ಪುಸ್ತಕದ ಗಂಟು ತಲಿ ಮ್ಯಾಲ ಹೊತ್ತು ಊರೂರು ತಿರಗಿ ಮಾರಿದ್ರು. ಆವಾಗ ಓದಾಕ ಬರೂವರು ಎಷ್ಟ ಮಂದಿ ಇದ್ದಾರು? ಮನ್ಯಾಗ ಒಬ್ಬರಿಗೆ ಬಂದ್ರ ಸಾಕಿತ್ತು, ಉಳದವರು ಸುತ್ತ ಕುಂತ ಕೇಳತಿದ್ರು. ಶ್ರಾವಣದಾಗ ಗುಡ್ಯಾಗ ಪುರಾಣ ಹಚ್ಚೂದು ಇನ್ನೂ ನಿಂತಿಲ್ಲ. ದೊಡ್ಡಾಟದ ತಾಲೀಮಿನಾಗ ಅಕ್ಷರಾ ಬರದವರು ಸುದ್ದಾ ಮಾಸ್ತರ ಹೇಳಿದ್ದನ್ನ ಕೇಳಿ ಕೇಳಿ ರಾತ್ರೆಲ್ಲಾ ಆಡೂವಷ್ಟು ಮಾತು ಬಾಯಿಪಾಠ ಮಾಡತಾರ. ಹಾನಗಲ್ಲ ತಾಲೂಕಿನ ಶೇಷಗಿರಿ ನೋಡ್ರಿ, ಸಣ್ಣ ಹಳ್ಳಿ, ನಾಟಕದಿಂದನ ಹೆಸರಾತು.

ಈಗ ಮನ್ಯಾಗ ಒಬ್ಬೊಬ್ಬರ ಕೈಯಾಗ ಒಂದೊಂದು ಮೊಬೈಲು. ಹುಡುಗ ಒಂದ ಕಡೆ ನೋಡತಾನ, ಅಜ್ಜಿ ಒಂದ ಕಡೆ ಕುಂತಿರತಾಳ. ಹುಡುಗಗ ಪುಸ್ತಕಾ ಸಿಕ್ಕೀತು, ಕೇಳೂ ಕಿವಿ ಸಿಗೂದಿಲ್ಲ. ಅದ ನನಗ ಸಂಕಟಾ ಆಗತೈತಿ. ಅಕ್ಕಾರ, ನಿಮಗ ಪುರುಸೊತ್ತು ಐತಿ, ಪ್ರೀತಿ ಐತಿ, ಬಾಯಾಗ ಪ್ರಶ್ನಿ ಅದಾವ. ಇದಕ್ಕಿಂತ ಹೆಚ್ಚಿಂದು ಏನೂ ಬ್ಯಾಡ. ಸಂಜೀ ಮುಂದ ರೊಟ್ಟಿ ಬಡಿಯೂವಾಗ ಓದಿಸ್ರಿ, ತಿಳೀಲಿಲ್ಲಂದ್ರ "ಇನ್ನೊಮ್ಮೆ ಓದ" ಅನ್ರಿ. ಪುಸ್ತಕಕ್ಕ ರೊಕ್ಕಾ ಎಲ್ಲಿಂದ ತರೂದು ಅನಬ್ಯಾಡ್ರಿ. ಗ್ರಾಮ ಪಂಚಾಯ್ತಿ ಗ್ರಂಥಾಲಯಕ್ಕ ಈಗ ಅರಿವು ಕೇಂದ್ರ ಅಂತಾರ. 2020ರಾಗ 'ಓದುವ ಬೆಳಕು' ಸುರು ಆದಾಗಿಂದ ಆರರಿಂದ ಹದಿನೆಂಟು ವರ್ಷದ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಪುಕ್ಕಟೆ. ನಾಳೆ ಹೆಸರ ಹಚ್ಚಿಸ್ರಿ.