ಎತ್ತು ಬಿದ್ದರೂ ನಮ್ಮದೇ

ಪೀಣ್ಯದ ಲೇತ್ ಮಷೀನಿಗೆ ಆಯುಧಪೂಜೆಯಲ್ಲಿ ಹಚ್ಚಿದ ಕುಂಕುಮ ಮಾಸುವ ಹೊತ್ತಿಗೆ ಶೆಡ್ಡುಗಳಲ್ಲಿ ಬೆಂಗಳೂರು ಬುಲ್ಸ್ ಕಬಡ್ಡಿ ತಂಡದ ಮಾತೇ ಮಾತು. ಎಲೆಕ್ಟ್ರಾನಿಕ್ ಸಿಟಿಯವರಿಗೂ ಕಬಡ್ಡಿ ಅನುಕೂಲದ ಆಟ: 20 ನಿಮಿಷದ ಎರಡು ಅವಧಿ. ಕಂಪನಿ ಬಸ್ಸು ಸಿಲ್ಕ್ ಬೋರ್ಡ್ ದಾಟುವುದರೊಳಗೆ ಪಂದ್ಯ, ವಿಶ್ಲೇಷಣೆ, ಜಗಳ, ರಾಜಿ ಎಲ್ಲ ಮುಗಿದಿರುತ್ತದೆ.

"ಬುಲ್ಸ್‌ನಲ್ಲಿ ಬೆಂಗಳೂರಿನವರು ಯಾರ್ರೀ ಇದ್ದಾರೆ?" ಎಂದು ಮೂಗು ಮುರಿಯುವವರಿದ್ದಾರೆ. ಅಲ್ಲಾ ಸ್ವಾಮಿ, ವೈಟ್‌ಫೀಲ್ಡಿನ ಲಿಫ್ಟಿನಲ್ಲಿ ಎಷ್ಟು ಜನ ಸಿಗುತ್ತಾರೆ? 2019ರ ಜನವರಿಯಲ್ಲಿ ಮುಂಬೈನ ಪ್ರೊ ಕಬಡ್ಡಿ ಲೀಗ್ ಫೈನಲ್‌ನಲ್ಲಿ ದೆಹಲಿಯ ಹುಡುಗ ಪವನ್ ಸೆಹ್ರಾವತ್ ಒಬ್ಬನೇ 22 ಅಂಕ ಬಾಚಿ ತಂದು, ಗುಜರಾತ್ 38–33ರಲ್ಲಿ ಸೋತಾಗ ಅವನ ಆಧಾರ್ ಕಾರ್ಡ್ ಯಾರೂ ಕೇಳಲಿಲ್ಲ.

2024ರ ಅಕ್ಟೋಬರಿನಲ್ಲಿ ಶುರುವಾದ ಸೀಸನ್ ಮಾತ್ರ, ಅಯ್ಯೋ! 22 ಪಂದ್ಯಗಳಲ್ಲಿ ಗೆದ್ದದ್ದು 2. ಹನ್ನೆರಡು ತಂಡಗಳಲ್ಲಿ ನಾವು ಹನ್ನೆರಡನೆಯವರು. ಆದರೂ ನಮ್ಮ ಟೀ ಅಂಗಡಿಯ ಗುಂಪು ಕರಗಲಿಲ್ಲ, ಬೆಳೆಯಿತು. ಗೆಲ್ಲುವ ತಂಡಕ್ಕೆ ಚಪ್ಪಾಳೆ ಸಾಕು; ಸೋಲುವ ತಂಡಕ್ಕೆ ಸಲಹೆ ಬೇಕು. ಮ್ಯಾಟ್ ಮೇಲೆ ಏಳೇ ಜನ, ಬೆಂಚಿನ ಮೇಲೆ ಎಲ್ಲರೂ ಕೋಚುಗಳೇ. ಮೊಣಕಾಲು ನೋವಿನಿಂದ ಮೆಟ್ಟಿಲು ಹತ್ತಲಾರದ ಫೋರ್‌ಮನ್ ಕೂಡ "ನಾನಾಗಿದ್ದರೆ ಕಾಲು ಹಿಡಿದೇ ಎಳೆಯುತ್ತಿದ್ದೆ" ಎಂದು ಎರಡನೇ ಬನ್ ಮುರಿಯುತ್ತಾರೆ.